ಡ್ರಮ್ ಸೀಳಿ ಮತ್ಸ್ಯಕನ್ಯೆ ಮಾಡಿದ್ದು

ನಾನು ಕೆರಿಬಿಯನ್ ಕಡಲಿನ ಹೈಟಿ ದೇಶಕ್ಕೆ ಹೋಗಿದ್ದು 2012ರಲ್ಲಿ, ಭೂಕಂಪದಲ್ಲಿ ಬಿದ್ದ ಶಾಲೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ. ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಪಕ್ಕದಲ್ಲೇ ಕ್ರ್ವಾ-ದೆ-ಬುಕೆ. ಕಿಕ್ಕಿರಿದ ಊರು. ಅಲ್ಲಿನ ನೊವಾಯ್ ಕೇರಿಗೆ ಹೋದರೆ ಮೊದಲು ಕಿವಿಗೆ ಬೀಳುವುದೇ ಸುತ್ತಿಗೆ ಸದ್ದು. ಒಂದು ಭಾನುವಾರ ಸುಮ್ನೆ ನೋಡಲು ಹೋದವನು ಆಮೇಲೆ ಆರು ತಿಂಗಳು ಒಂದು ವಾರವೂ ತಪ್ಪಿಸಲಿಲ್ಲ.

ತಗಡು ಕೊರೆದು ಚಿತ್ರ ಮಾಡುವ ಅಲ್ಲಿನ ಈ ಕಲೆ ಶುರುವಾಗಿದ್ದು ಜಾರ್ಜ್ ಲಿಯೊಟೊ ಎಂಬ ಕಮ್ಮಾರರಿಂದ. ಗೋರಿಗಳಿಗೆ ಕಬ್ಬಿಣದ ಶಿಲುಬೆ ಮಾಡುತ್ತಿದ್ದರು. ರಾಜಧಾನಿಯಲ್ಲಿ ಕಲಾಕೇಂದ್ರ ನಡೆಸುತ್ತಿದ್ದ ಡಿವಿಟ್ ಪೀಟರ್ಸ್ 1953ರಲ್ಲಿ ಆ ಶಿಲುಬೆಗಳನ್ನು ನೋಡಿ, ಇದನ್ನು ಮಾಡಿದವರು ಯಾರು ಅಂತ ಹುಡುಕಿಕೊಂಡು ಬಂದರು.

ತಗಡು ಬರುವುದು 200 ಲೀಟರಿನ ಹಳೇ ಎಣ್ಣೆ ಡ್ರಮ್‌ನಿಂದ. ಮೇಲಿನ, ಕೆಳಗಿನ ಮುಚ್ಚಳ ಕತ್ತರಿಸಿ ತೆಗೆಯಬೇಕು. ಒಳಗೆ ಒಣಗಿದ ಬಾಳೆ ಎಲೆ ತುರುಕಿ ಬೆಂಕಿ ಹಚ್ಚಬೇಕು. ಬಣ್ಣ, ಜಿಡ್ಡು ಎಲ್ಲ ಸುಟ್ಟುಹೋಗುತ್ತದೆ. ಆರಿದ ಮೇಲೆ ಉದ್ದಕ್ಕೆ ಸೀಳಿ, ಒಳಗೆ ನಿಂತು ಮೈಭಾರ ಹಾಕಿ ಬಿಡಿಸಿ, ಬಡಿದು ಬಡಿದು ಚಪ್ಪಟೆ ಮಾಡಬೇಕು. ಸುಮಾರು 6 ಅಡಿಗೆ 3 ಅಡಿ ಹಲಗೆ ಸಿಗುತ್ತದೆ. ನನಗೆ ಇಷ್ಟಕ್ಕೇ ಅರ್ಧ ದಿನ ಹಿಡಿಯಿತು, ತೋಳು ಎತ್ತಲು ಆಗಲಿಲ್ಲ.

ಆಮೇಲೆ ಸೀಮೆಸುಣ್ಣದಲ್ಲಿ ಚಿತ್ರ. ನಾನು ಬರೆದದ್ದು ಲಾಸಿರೆನ್, ಅವರ ವೊಡು ನಂಬಿಕೆಯ ಕಡಲ ದೇವಿ, ಅರ್ಧ ಮೀನು. ಅವಸರ ನೋಡಿ, ಮೊದಲು ಹೊರಗಿನ ಅಂಚನ್ನೇ ಕತ್ತರಿಸಿಬಿಟ್ಟೆ. ತಗಡಿನ ಬಿಗಿಯೇ ಹೋಯಿತು. ಬಾಲಕ್ಕೆ ಚಿಪ್ಪು ಕೊರೆಯಲು ಚಾಣ ಇಟ್ಟರೆ ಇಡೀ ಬಾಲ ನಡುಗಿ ಸೊಟ್ಟಗಾಯಿತು. ಅಲ್ಲಿ ಮೇಸ್ತ್ರಿಗೆ ‘ಬೋಸ್’ ಅನ್ನುತ್ತಾರೆ. ನನ್ನ ಬೋಸ್ ಬೈಯಲಿಲ್ಲ. ಇನ್ನೊಂದು ತುಂಡು ಕೊಟ್ಟು, "ಮೊದಲು ಕಣ್ಣು, ಚಿಪ್ಪು, ಒಳಗಿನ ತೂತು. ಅಂಚು ಕೊನೆಗೆ" ಅಂದರು. ಚಾಣವನ್ನು ಕೊಂಚ ಓರೆಯಾಗಿ ಹಿಡಿದು, ಒಂದೊಂದು ಏಟಿಗೂ ಕೂದಲೆಳೆಯಷ್ಟು ಮುಂದೆ ಸರಿಸುವುದನ್ನು ಕೈ ಹಿಡಿದು ಕಲಿಸಿದರು. ಗೆರೆ ಒಡೆಯದೆ ಬಾಗಬೇಕಾದರೆ ಹಾಗೇ ಮಾಡಬೇಕು. ನನ್ನ ಕೈಗೆ ಅದು ಹತ್ತಿದ್ದು ಮೂರನೇ ತಿಂಗಳಲ್ಲಿ.

ಜನ ಇದನ್ನು ಗುಜರಿಯಲ್ಲಿ ಮಾಡಿದ ಅಲಂಕಾರ ಅನ್ನುವಾಗ ನನಗೆ ಬೇಜಾರಾಗುತ್ತದೆ. ಚಿಪ್ಪುಗಳ ಮೇಲೆ ಒಮ್ಮೆ ಬೆರಳಾಡಿಸಿ ನೋಡಿದರೆ ಹಾಗೆ ಅನ್ನಲಾರರು.

ಈಚಿನ ವರ್ಷಗಳಲ್ಲಿ ಬಂದೂಕಿನ ಗುಂಪುಗಳ ಹಾವಳಿಗೆ ನೊವಾಯ್‌ನ ಎಷ್ಟೋ ಜನ ಊರು ಬಿಟ್ಟಿದ್ದಾರೆ. ನನ್ನ ಬೋಸ್ ಕೂಡ ಚಾಣಗಳ ಚೀಲ ಹೊತ್ತು ಹೊರಟರು. ಮೊನ್ನೆ ಫೋನಿನಲ್ಲಿ ಡ್ರಮ್ ಸಿಗುತ್ತಿದೆಯಾ ಅಂತ ಕೇಳಿದೆ. ಈ ತಿಂಗಳು ಎರಡು ಸಿಕ್ಕಿವೆ ಅಂದರು.