ಆಕ್ಸಿಲೇಟರ್ ಕೊಟ್ಟ ಕೂಡಲೇ ಎಕ್ಸ್‌ಎಲ್ ಸುಸ್ತಾಗ್ತಿದೆಯಾ? ಮೊದಲು ಚೋಕ್ ಹಾಕಿ ನೋಡಿ

ಹಳೇ ಟಿವಿಎಸ್ ಎಕ್ಸ್‌ಎಲ್ ಸೂಪರ್, ಅದೇ 69.9 ಸಿಸಿಯ ಟೂ ಸ್ಟ್ರೋಕ್ ಗಾಡಿ. ನಿಂತಲ್ಲಿ ಐಡಲ್ ಚೆನ್ನಾಗೇ ಇರುತ್ತದೆ. ಹಿಂದೆ ಹುಲ್ಲಿನ ಹೊರೆ ಹಾಕಿಕೊಂಡು ಏರಿನಲ್ಲಿ ಆಕ್ಸಿಲೇಟರ್ ತಿರುಗಿಸಿದರೆ ಮಾತ್ರ 'ಬ್ವಾ...' ಅಂತ ಕೂಗಿ ಎಳೆತ ಬಿದ್ದುಹೋಗುತ್ತದೆ, ಸ್ವಲ್ಪ ಬಿಟ್ಟರೆ ಮತ್ತೆ ಎಳೆಯುತ್ತದೆ. ಇಂಥ ಗಾಡಿ ಕಂಡರೆ ಸ್ಕ್ರೂಡ್ರೈವರ್ ಹಿಡಿದು ಸಿಕ್ಕ ಸ್ಕ್ರೂ ಎಲ್ಲಾ ತಿರುಗಿಸುವವರೇ ಜಾಸ್ತಿ. ಬೇಡ. ಮೊದಲು ಗೊತ್ತಾಗಬೇಕಾದದ್ದು ಒಂದೇ: ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲವೋ, ಜಾಸ್ತಿಯಾಗಿದೆಯೋ?

ಅಂದಹಾಗೆ, ಎಂಜಿನ್ ಜೋರಾಗಿ ಕಿರುಚುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ಅದು ಕ್ಲಚ್ ಸವೆದ ಕಥೆ. ಈ ಬರಹ ಅದಕ್ಕಲ್ಲ.

ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ, ಸುಸ್ತಾಗುವ ಹೊತ್ತಿಗೆ ಸರಿಯಾಗಿ ಚೋಕ್ ಸ್ವಲ್ಪವೇ ಹಾಕಿ. ಚೋಕ್ ಅಂದರೆ ಎಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಸಾಧನ. ಎಳೆತ ಬಂತಾ? ಹಾಗಾದರೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಕೆಟ್ಟಿತಾ? ಪೆಟ್ರೋಲ್ ಜಾಸ್ತಿ, ಇಲ್ಲವೇ ಗಾಳಿ ಕಡಿಮೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೂ ಹಾಗೇ ಓಡಿಸಬೇಡಿ. ಈ ಗಾಡಿಯಲ್ಲಿ ಟೂಟಿ ಆಯಿಲ್ (ಎಂಜಿನ್ ಒಳಗೆ ಸವೆಯದಂತೆ ಕಾಯುವ ಎಣ್ಣೆ) ಹೋಗುವುದೇ ಪೆಟ್ರೋಲ್ ಜೊತೆ, ಹಾಗಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಕೊನೆಗೆ ಪಿಸ್ಟನ್ ಸಿಲಿಂಡರ್ ಒಳಗೆ ಹಿಡಿದುಕೊಳ್ಳುತ್ತದೆ. ಮೊದಲು ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ. ಸರಿಹೋದರೆ ಮುಚ್ಚಳದಲ್ಲಿ ಗಾಳಿ ಹೋಗುವ ತೂತು ಕಟ್ಟಿದೆ, ಕ್ಲೀನ್ ಮಾಡಿದರೆ ಆಯಿತು, ಖರ್ಚೇ ಇಲ್ಲ. ಆಗದಿದ್ದರೆ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಕಡೆಯಿಂದ ಪೈಪ್ ಕಳಚಿ ಬಾಟಲಿಗೆ ಹಿಡಿದು ಕಾಕ್, ಅಂದರೆ ಪೆಟ್ರೋಲ್ ನಲ್ಲಿ, ತಿರುಗಿಸಿ. ಬೀಡಿ, ಬೆಂಕಿ ದೂರ ಇರಲಿ. ಧಾರೆ ಒಂದೇ ಸಮ ಬರಬೇಕು; ತೊಟ್ಟಿಕ್ಕಿದರೆ ಕಾಕ್‌ನ ಜಾಲರಿ ಕಟ್ಟಿದೆ. ಆ ಬಾಟಲಿಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟು ತಳ ನೋಡಿ. ಅಡಿಯಲ್ಲಿ ಬೇರೆಯಾಗಿ ಉರುಳಾಡುವ ಗುಳ್ಳೆಯೋ ಪದರವೋ ಕಂಡರೆ ನೀರು ಸೇರಿದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ನೀರು ಹೀರುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಮಾಮೂಲು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಧಾರೆಯೂ ಚೆನ್ನಾಗಿದೆ, ನೀರೂ ಇಲ್ಲ ಅಂದರೆ ಈಗ ಕಾರ್ಬುರೇಟರ್ ಬಿಚ್ಚಬಹುದು. ಐಡಲ್ ಸರಿ ಇದ್ದು ಆಕ್ಸಿಲೇಟರ್ ಪೂರ್ತಿ ಕೊಟ್ಟಾಗ ಮಾತ್ರ ಸುಸ್ತಾದರೆ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಸ್ಕ್ರೂ) ಮೇಲೆಯೇ ಮೊದಲ ಅನುಮಾನ. ಅದನ್ನು ತೆಗೆದು ಬೆಳಕಿಗೆ ಹಿಡಿಯಿರಿ, ತೂತು ದುಂಡಗೆ ಸ್ಪಷ್ಟವಾಗಿ ಕಾಣಬೇಕು. ಕಸ ಇದ್ದರೆ ವೈರಿನಿಂದ ಬಿಡಿಸಿದ ತಾಮ್ರದ ಒಂದೇ ಎಳೆ ಸಾಕು. ಸೂಜಿ, ಪಿನ್ನು ಹಾಕಬೇಡಿ, ತೂತು ದೊಡ್ಡದಾದರೆ ಜೆಟ್ ಹೋದಂತೆಯೇ. ವಾಪಸ್ ಜೋಡಿಸಿದ ಮೇಲೆ ಎಂಜಿನ್‌ಗೂ ಕಾರ್ಬುರೇಟರಿಗೂ ನಡುವಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ನೀರು ಒಳಗೆ ಎಳೆದುಕೊಂಡರೆ, ಇಲ್ಲ ಐಡಲ್ ಸದ್ದು ಬದಲಾದರೆ, ಅಲ್ಲಿಂದ ಗಾಳಿ ನುಗ್ಗುತ್ತಿದೆ. ಪ್ಯಾಕಿಂಗ್ ಬದಲಿಸಿ.

ಪೆಟ್ರೋಲ್ ಜಾಸ್ತಿಯಾದ ಗಾಡಿಯ ಲಕ್ಷಣವೇ ಬೇರೆ. ಹೊಗೆ ದಪ್ಪ, ಸದ್ದು ಬುಡುಬುಡು. ಏರ್ ಫಿಲ್ಟರ್ ತೆಗೆದು ನೋಡಿ, ಮಣ್ಣು ರಸ್ತೆಯ ಗಾಡಿಯಲ್ಲಿ ಧೂಳು ಎಣ್ಣೆ ಸೇರಿ ರೊಟ್ಟಿಯ ಹಾಗೆ ಕಟ್ಟಿರುತ್ತದೆ. ಚೋಕ್ ಪೂರ್ತಿ ವಾಪಸ್ ಹೋಗುತ್ತಿದೆಯಾ ಅಂತಲೂ ನೋಡಿ. ಇದೆರಡೂ ಸರಿ ಇದ್ದು ಗಾಡಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮಂದವಾಗುತ್ತಾ ಬಂದಿದ್ದರೆ ಸೈಲೆನ್ಸರ್‌ನಲ್ಲಿ ಕಾರ್ಬನ್ (ಮಸಿ) ಕಟ್ಟಿರುವ ಸಾಧ್ಯತೆ ಹೆಚ್ಚು. ಟೂ ಸ್ಟ್ರೋಕ್‌ಗೆ ಇದು ಹುಟ್ಟುಗುಣ, ಆಯಿಲ್ ಕಣ್ಣಂದಾಜಿನಲ್ಲಿ ಸುರಿಯುವವರ ಗಾಡಿಯಲ್ಲಿ ಬೇಗ ಕಟ್ಟುತ್ತದೆ. 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ ಲೀಟರಿಗೆ 20 ಮಿಲಿ, ಅಳೆದೇ ಹಾಕಿ.

ಚೋಕ್ ಹಾಕಿದರೂ ತೆಗೆದರೂ ಏನೂ ಫರಕಾಗದೆ, ಮಿಸ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಕಡೆ ತಿರುಗಿ. ಹೊರಗೆ ತೆಗೆದಾಗ ಕಿಡಿ ಕಂಡಿತು ಅಂತ ನಂಬಬೇಡಿ; ಸಿಲಿಂಡರ್ ಒಳಗಿನ ಒತ್ತಡದಲ್ಲಿ ಕಿಡಿ ಹಾರುವುದು ಬಹಳ ಕಷ್ಟ. ಹೊಸ ಪ್ಲಗ್ ಹಾಕಿಯೇ ನೋಡಿಬಿಡಿ, ಕ್ಯಾಪ್ ಸಡಿಲವಿದ್ದರೆ ಅದನ್ನೂ ಬದಲಿಸಿ.