ತಟ್ಟೆ ನನ್ನದು, ಹಾಡು ಯಾರದು?

ನನ್ನ ಬಳಿ ಮುನ್ನೂರರ ಆಸುಪಾಸು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಗಳಿವೆ. ಬಹುಪಾಲು ಕನ್ನಡದವು: ದೇವರನಾಮ, ರಂಗಗೀತೆ, ಐವತ್ತು-ಅರವತ್ತರ ದಶಕದ ಚಿತ್ರಗೀತೆ. ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಹೋದ ಊರುಗಳಲ್ಲೆಲ್ಲ ಗುಜರಿ ಅಂಗಡಿಗಳನ್ನು ಸುತ್ತಿ ಕೂಡಿಸಿದವು. ನಿವೃತ್ತನಾದ ಮೇಲೆ ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕತೊಡಗಿದೆ.

ಈ ಕೆಲಸ ಹೊರಗಿನವರು ಎಣಿಸುವಷ್ಟು ಸುಲಭವಲ್ಲ. ತಟ್ಟೆಯನ್ನು ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೋಪು ಬೆರೆಸಿ ಮೆತ್ತನೆಯ ಬ್ರಷ್ಷಿನಿಂದ ಗೀರುಗಳು ಸುತ್ತುವ ದಿಕ್ಕಿನಲ್ಲೇ ತೊಳೆಯಬೇಕು. ಸ್ಪಿರಿಟ್ ಮಾತ್ರ ತಾಗಿಸಬಾರದು, ಏಕೆಂದರೆ ಅದು ಅರಗಿನ ತಟ್ಟೆ, ಸ್ಪಿರಿಟ್ಟಿಗೆ ಕರಗುತ್ತದೆ. ಆಮೇಲೆ ಬಂದ ಎಲ್‌ಪಿ ತಟ್ಟೆಗಳಿಗೆ ಬಳಸುವ ಸಣ್ಣ ಮುಳ್ಳನ್ನು ಇದಕ್ಕಿಟ್ಟರೆ ಅದು ಗೀರಿನ ತಳ ಮುಟ್ಟಿ ಬರೀ ಕರಕರ ಎನ್ನುತ್ತದೆ. ದಪ್ಪ ತುದಿಯ ಮುಳ್ಳೇ ಬೇಕು. ಮೂರು, ಮೂರೂವರೆ ನಿಮಿಷದ ಒಂದು ಹಾಡಿಗೆ ನನ್ನ ಅರ್ಧ ದಿನ ಹಿಡಿಯುತ್ತದೆ. ಇಷ್ಟು ಮೈ ಬಗ್ಗಿಸಿದವನಿಗೆ ಆ ಹಾಡು ತನ್ನದೇ ಎಂಬ ಭಾವನೆ ಬರುವುದು ಸಹಜ, ನನಗೂ ಬಂದಿತ್ತು. ಪ್ರತಿ ವಿಡಿಯೊದ ಕೆಳಗೆ ‘ಅಭಿಮಾನದಿಂದ ಹಾಕಿದ್ದು, ಹಣಕ್ಕಾಗಿ ಅಲ್ಲ, ಯಾರ ಹಕ್ಕನ್ನೂ ಉಲ್ಲಂಘಿಸುವ ಉದ್ದೇಶವಿಲ್ಲ’ ಎಂದು ಬರೆಯುತ್ತಿದ್ದೆ. ಆ ಸಾಲನ್ನು ನಾನು ತಾಯಿತದ ಹಾಗೆ ನಂಬಿದ್ದೆ.

ಎರಡನೇ ವರ್ಷ ಒಂದು ಆಡಿಯೊ ಸಂಸ್ಥೆಯ ದೂರಿನ ಮೇಲೆ ನನ್ನ ಒಂದು ಚಿತ್ರಗೀತೆ ಮಾಯವಾಯಿತು, ಚಾನೆಲ್ಲಿಗೆ ಸ್ಟ್ರೈಕ್ ಬಿತ್ತು. ಅಲ್ಲಿಯವರೆಗೆ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ ಎಂಬುದೂ ನನಗೆ ಗೊತ್ತಿರಲಿಲ್ಲ. ಕ್ಲೇಮ್ ಎಂದರೆ ಸಾಮಾನ್ಯವಾಗಿ ಯಂತ್ರವೇ ಧ್ವನಿಯನ್ನು ಹೋಲಿಸಿ ‘ಇದು ಇಂಥವರದು’ ಎನ್ನುತ್ತದೆ. ಹೆಚ್ಚಿನ ಸಲ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ. ಸ್ಟ್ರೈಕ್ ಎಂದರೆ ಹಕ್ಕುದಾರರು ವಿಧಿವತ್ತಾಗಿ ದೂರು ಕೊಟ್ಟು ವಿಡಿಯೊ ತೆಗೆಸಿದ್ದಾರೆಂದು ಅರ್ಥ. 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಪರಿಚಯದ ವಕೀಲರೊಬ್ಬರಿಗೆ ನನ್ನ ತಾಯಿತದ ಸಾಲನ್ನು ತೋರಿಸಿದಾಗ ಅವರು ನಕ್ಕು, “ಸಾರ್, ಉದ್ದೇಶ ಇಲ್ಲ ಅಂತ ಬರೆದು ಪಕ್ಕದ ಮನೆ ಸೈಕಲ್ ತಗೊಂಡು ಹೋಗೋಕಾಗುತ್ತಾ?” ಎಂದರು. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ದೇವರುಗಳೆಂದು ಕರೆದದ್ದು ನಿಜ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆ ದೇವರುಗಳಿಗೆ ವಿನಾಯಿತಿ ಇಲ್ಲ. ಸ್ವಂತ ಬಳಕೆ, ಅಧ್ಯಯನ, ವಿಮರ್ಶೆಗಳಿಗೆ ಮಿತವಾಗಿ ಬಳಸಲು ಅದರ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ ನಿಜ. ಇಡೀ ಹಾಡನ್ನು ಊರಿಗೆಲ್ಲ ಕೇಳಿಸುವುದು ಅದರೊಳಗೆ ಬರುವುದಿಲ್ಲ.

ಅಂದು ರಾತ್ರಿಯೇ ಎಲ್ಲ ವಿಡಿಯೊಗಳನ್ನೂ ಬೇರೆಯವರಿಗೆ ಕಾಣದಂತೆ ಮಾಡಿ, ಹಳೆಯ ಅಭ್ಯಾಸದಂತೆ ಒಂದು ಲೆಡ್ಜರ್ ತೆರೆದೆ. ಒಂದೇ ತಟ್ಟೆಯಲ್ಲಿ ಮೂರು ಆಸ್ತಿಗಳಿರುತ್ತವೆ ಎಂಬುದು ಆಗಲೇ ಅರ್ಥವಾದದ್ದು. ಪದ್ಯ ಬರೆದವರದು ಒಂದು, ರಾಗ ಹಾಕಿದವರದು ಇನ್ನೊಂದು, ಮುದ್ರಿಸಿದ ಧ್ವನಿಯದು ಮತ್ತೊಂದು. ಗುಜರಿ ಅಂಗಡಿಯಲ್ಲಿ ದುಡ್ಡು ಕೊಟ್ಟು ನಾನು ಕೊಂಡದ್ದು ಈ ಮೂರರಲ್ಲಿ ಯಾವುದನ್ನೂ ಅಲ್ಲ, ಬರೀ ಅರಗಿನ ಬಿಲ್ಲೆಯನ್ನು. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಎಂದರೆ 1958ರಲ್ಲಿ ಹೊರಬಂದ ತಟ್ಟೆಯದು 2018ರ ಕೊನೆಗೆ ಮುಗಿಯಿತು. ಪದ್ಯ ಮತ್ತು ಸಂಗೀತದ್ದು ಹಾಗಲ್ಲ, ಅದು ಕರ್ತೃ ತೀರಿಕೊಂಡ ಮರುವರ್ಷದಿಂದ 60. ಈ ಅವಧಿ ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ ಅದನ್ನು 60ಕ್ಕೆ ಏರಿಸಿದರು. ಈ ಲೆಕ್ಕದಂತೆ, 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಅಚ್ಚು ಹಾಕಿಸಿದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವಾದವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರವು 2041ರ ಕೊನೆಯವರೆಗೂ ಕಾಪಿರೈಟಿನಲ್ಲಿಯೇ ಇರುತ್ತವೆ. ಹೀಗಾಗಿ ತಟ್ಟೆಯ ಅವಧಿ ತೀರಿದ್ದರೂ ಅದರೊಳಗಿನ ಪದ್ಯದ ಅವಧಿ ತೀರದ ಹಾಡುಗಳೇ ನನ್ನ ಬೀರುವಿನಲ್ಲಿ ಹೆಚ್ಚು. ಚಿತ್ರಗೀತೆಯಾದರೆ ಇನ್ನೊಂದು ಸುತ್ತು: ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ನಿರ್ಮಾಪಕರೇ ಮೊದಲ ಒಡೆಯರೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು, 2012ರ ತಿದ್ದುಪಡಿ ಸಾಹಿತಿ ಮತ್ತು ಸಂಗೀತ ನಿರ್ದೇಶಕರ ರಾಯಲ್ಟಿಯನ್ನು ಭದ್ರಪಡಿಸಿತು. ನಿರ್ಮಾಪಕರಿಂದ ಆಡಿಯೊ ಸಂಸ್ಥೆಗೆ, ಆ ಸಂಸ್ಥೆಯಿಂದ ಮತ್ತೊಂದಕ್ಕೆ ಕೈ ಬದಲಾದ ಹಕ್ಕುಗಳ ಜಾಡು ಹಿಡಿಯುವುದು ಹೊಲದ ಪಹಣಿ ಹುಡುಕಿದಂತೆಯೇ ಸರಿ.

ವರ್ಷ ತಿಳಿಯುವುದೇ ದೊಡ್ಡ ತಲೆನೋವು, ಏಕೆಂದರೆ ನನ್ನ ತಟ್ಟೆಗಳ ಲೇಬಲ್ಲುಗಳಲ್ಲಿ ಇಸವಿಯೇ ಇಲ್ಲ. ಲೇಬಲ್ಲಿನ ಸಂಖ್ಯೆ, ಅದರ ಸುತ್ತಲಿನ ಖಾಲಿ ಅಂಚಿನಲ್ಲಿ ಕೊರೆದ ಸಣ್ಣ ಅಂಕಿಗಳು, ಆ ಕಾಲದಲ್ಲಿ ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಹಳೆಯ ಪತ್ರಿಕೆಗಳ ಜಾಹೀರಾತುಗಳು, ಇವನ್ನೆಲ್ಲ ಒಟ್ಟಿಗಿಟ್ಟು ವರ್ಷ ಕಟ್ಟಬೇಕು. ಹೀಗೆ ಸೋಸಿದಾಗ ಲೆಡ್ಜರಿನ ಮೂರೂ ಕಾಲಂಗಳಲ್ಲಿ ಅವಧಿ ಚೊಕ್ಕವಾಗಿ ಮುಗಿದವು ಹೆಚ್ಚಾಗಿ ದಾಸರ ಪದಗಳ ತಟ್ಟೆಗಳು. ಅಂಥದ್ದೊಂದು ದೇವರನಾಮವನ್ನು ಮತ್ತೆ ಹಾಕಿದೊಡನೆ, ಅದೇ ಮುದ್ರಣವನ್ನು ಸಿಡಿಯಾಗಿ ತಂದಿದ್ದ ಸಂಸ್ಥೆಯ ಹೆಸರಿನಲ್ಲಿ ಕ್ಲೇಮ್ ಬಂತು. ಈ ಸಲ ನಾನು ಹೆದರಲಿಲ್ಲ. ಲೇಬಲ್ಲಿನ ಫೋಟೊಗೆ ಕೊಂಡಿ, ವರ್ಷದ ಲೆಕ್ಕ, ಧ್ವನಿಮುದ್ರಣದ ಅವಧಿಯನ್ನು ಹೇಳುವ ಕಾಯ್ದೆಯ 27ನೇ ಸೆಕ್ಷನ್ ಇವನ್ನು ನಾಲ್ಕು ಸಾಲಿನಲ್ಲಿ ಬರೆದು ತಕರಾರು ಸಲ್ಲಿಸಿದೆ. ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಉತ್ತರ ಬರಲಿಲ್ಲ, ಕ್ಲೇಮ್ ತಾನಾಗಿ ಬಿದ್ದುಹೋಯಿತು. ಆದರೆ ಯೂಟ್ಯೂಬ್ ಅಮೆರಿಕದ್ದು, ಅಲ್ಲಿನ ಕಾನೂನಿನ ಎಣಿಕೆ ನಮ್ಮದಲ್ಲ. ಇಲ್ಲಿ ಅವಧಿ ಮುಗಿದ ತಟ್ಟೆಗೆ ಅಲ್ಲಿ ಇನ್ನೂ ಹಕ್ಕು ಉಳಿದಿರಬಹುದಾದ್ದರಿಂದ ಎಲ್ಲ ಸಲವೂ ಹೀಗೆ ಸಲೀಸಾಗಿ ನಡೆಯುತ್ತದೆಂದು ನಾನು ನಂಬಿಲ್ಲ.

ಅವಧಿ ತೀರದ ಹಾಡುಗಳಿಗೆ ಉಳಿದದ್ದು ಕೇಳುವ ದಾರಿ. ನಾನು ಕೇಳುವ ಮೊದಲೇ ಒಬ್ಬರು ಕರೆ ಮಾಡಿದರು. ಎಲ್ಲವನ್ನೂ ಮರೆಮಾಡುವ ಮುಂಚೆ ಹಾಕಿದ್ದ ಒಂದು ಭಾವಗೀತೆಯ ಸಾಹಿತ್ಯವನ್ನು ವಿಡಿಯೊದ ಕೆಳಗೆ ಪೂರ್ತಿ ಬರೆದಿದ್ದೆ. ಕರೆ ಮಾಡಿದವರು ಆ ಕವಿಯ ಮಗ, ಎಂಬತ್ತರ ಹತ್ತಿರದವರು. ಬೈಗುಳಕ್ಕೆ ಸಿದ್ಧನಾಗಿ ಫೋನ್ ಎತ್ತಿದರೆ, “ನಮ್ಮ ತಂದೆಯವರ ಪದ್ಯ ಹಾಕಿದ್ದೀರಿ, ಸಂತೋಷ. ಆದರೆ ಎರಡನೇ ನುಡಿಯಲ್ಲಿ ಒಂದು ಸಾಲೇ ಬಿಟ್ಟುಹೋಗಿದೆಯಲ್ಲ ಸ್ವಾಮಿ,” ಎಂದರು. ಹಾಡಿದವರು ಬಿಟ್ಟಿದ್ದ ಸಾಲು ಅದು. ನಾನು ಪುಸ್ತಕ ನೋಡದೆ ಕೇಳಿದಂತೆ ಬರೆದಿದ್ದೆ. ಕೇಳದೆ ತೆಗೆದುಕೊಂಡದ್ದಕ್ಕಿಂತ ಕೆಡಿಸಿ ಕೊಟ್ಟದ್ದೇ ಅವರಿಗೆ ನೋವಾಗಿತ್ತು. ಒಂದು ವಾರದಲ್ಲಿ ಅವರು ಆರು ಪದ್ಯಗಳಿಗೆ ಲಿಖಿತ ಅನುಮತಿ ಕೊಟ್ಟರು: ಜಾಹೀರಾತು ಇರಬಾರದು, ಸಾಲುಗಳು ಕವಿಯ ಪುಸ್ತಕದಲ್ಲಿದ್ದಂತೆಯೇ ಇರಬೇಕು, ಬೇಡವೆಂದ ದಿನ ತೆಗೆಯಬೇಕು. ಅಂದಿನಿಂದ ನಾನು ಬರೆಯುವ ಎಲ್ಲ ಅನುಮತಿ ಪತ್ರಗಳಿಗೂ ಇವೇ ಮೂರು ಷರತ್ತುಗಳು ಮಾದರಿ. ಆಡಿಯೊ ಸಂಸ್ಥೆಗಳಿಗೆ ಬರೆದ ಪತ್ರಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬಂದಿಲ್ಲ, ಮೌನವನ್ನು ಒಪ್ಪಿಗೆಯೆಂದು ನಾನು ತಿಳಿಯುವುದೂ ಇಲ್ಲ.

ಹೇಳಲು ನಾಚಿಕೆಯಾಗುವ ಸಂಗತಿಯೊಂದಿದೆ. ನಾನು ತೊಳೆದು, ಕರಕರ ತೆಗೆದು, ಹದಗೊಳಿಸಿದ ಹಾಡೊಂದನ್ನು ಯಾರೋ ನನ್ನ ಹೆಸರಿದ್ದ ಭಾಗ ಕತ್ತರಿಸಿ ತಮ್ಮ ಚಾನೆಲ್ಲಿಗೆ ಹಾಕಿಕೊಂಡರು. ಮೈಯೆಲ್ಲ ಉರಿದು ದೂರಿನ ನಮೂನೆ ತುಂಬಲು ಕುಳಿತೆ. ಅದರ ಕೊನೆಯಲ್ಲಿ, ನಾನೇ ಹಕ್ಕಿನ ಒಡೆಯ ಅಥವಾ ಒಡೆಯರ ಪರವಾಗಿ ದೂರುತ್ತಿರುವವನು, ಸುಳ್ಳು ಹೇಳಿದರೆ ಶಿಕ್ಷೆಗೆ ಬದ್ಧ ಎಂದು ಒಪ್ಪಿಕೊಳ್ಳುವ ಚೌಕವಿತ್ತು. ಅದು ಅವಧಿ ಮುಗಿದ ದಾಸರ ಪದ. ನನ್ನ ಅರ್ಧ ದಿನದ ಕೆಲಸಕ್ಕೆ ಆ ನಮೂನೆಯಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಗುರುತು ಹಾಕದೆ ಕಂಪ್ಯೂಟರ್ ಆರಿಸಿ ಎದ್ದೆ.

ಮುನ್ನೂರರಲ್ಲಿ ಈಗ ಹೊರಗೆ ಕೇಳಿಸುತ್ತಿರುವವು ನಲವತ್ತೇಳು. ಉಳಿದವುಗಳ ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಅವಧಿ ತೀರುವ ಇಸವಿ ಬರೆದಿದ್ದೇನೆ, ಕೆಲವು ನನ್ನ ಆಯಸ್ಸನ್ನು ದಾಟುತ್ತವೆ. ಕೇಳಲೇಬೇಕೆನ್ನುವವರು ಮನೆಗೆ ಬರುತ್ತಾರೆ. ಕಳೆದ ಭಾನುವಾರ ಇಬ್ಬರು ಬಂದು, ಲೇಬಲ್ ಅರ್ಧ ಹರಿದ ಒಂದು ರಂಗಗೀತೆಯನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಮೂರನೆಯ ಸಲಕ್ಕೆ, ತಟ್ಟೆ ಸವೆಯುತ್ತದೆಂದು ನಾನೇ ಬೇಡವೆಂದೆ.