ದಿನಾ 60 ಕಿ.ಮೀ. ಓಡಾಡೋರು ಎಲೆಕ್ಟ್ರಿಕ್ ಟೂ ವೀಲರ್ ಹೆಂಗೆ ಆರಿಸ್ಕೋಬೇಕು

ಶೋರೂಮಿಗೆ ಹೋಗೋ ಮುಂಚೆ ನಿಮ್ಮನೆ ಪಾರ್ಕಿಂಗಿಗೆ ಇಳಿದು, ಗಾಡಿ ನಿಲ್ಸೋ ಜಾಗದ ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇದ್ಯಾ ಅಂತ ನೋಡಿ. ಇಲ್ಲಾಂದ್ರೆ ಅದು ಬರೋವರೆಗೂ ಯಾವ ಕಂಪನಿ, ಯಾವ ಬಣ್ಣ ಅನ್ನೋ ಯೋಚನೆನೇ ಬೇಡ. ನಾನು ಮೊದಲು ಗಾಡಿ ಬುಕ್ ಮಾಡಿ ಆಮೇಲೆ ಪಾಯಿಂಟ್ ಹಾಕ್ಸೋಕೆ ಮನೆ ಓನರ್ ಹತ್ರ ಎರಡು ತಿಂಗಳು ಮಾತಾಡ್ಬೇಕಾಯ್ತು, ಅಷ್ಟು ದಿನವೂ ಆಫೀಸಿಂದ ಬರ್ತಾ ದಾರೀಲಿ ಚಾರ್ಜಿಂಗ್ ಸ್ಟೇಷನ್ನಲ್ಲಿ ಒಂದೊಂದು ಗಂಟೆ ನಿಂತು ಮನೆ ಸೇರೋ ಹೊತ್ತಿಗೆ ಮಗು ಮಲಗಿಬಿಟ್ಟಿರ್ತಿತ್ತು. ಅದು ಇನ್ನೊಬ್ಬರಿಗೆ ಆಗ್ಬಾರ್ದು ಅಂತಾನೇ ಇಷ್ಟು ಬರೀತಿರೋದು.

ನಾನಿರೋದು ಯಲಹಂಕ, ಆಫೀಸ್ ಬೆಳ್ಳಂದೂರು. ಹೆಬ್ಬಾಳ, ನಾಗವಾರ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ ದಾಟಿ ಹೋಗ್ಬೇಕು, ಒಂದು ಕಡೆಗೇ 30 ಕಿ.ಮೀ. ಮೇಲಾಗುತ್ತೆ. ಇಂಥ ದೂರಕ್ಕೆ ಗಾಡಿ ಆರಿಸೋದೂ, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ತರಕಾರಿ ತರೋಕೆ ಗಾಡಿ ಆರಿಸೋದೂ ಒಂದೇ ಅಲ್ಲ. ಹತ್ತು ಕಿ.ಮೀ. ಓಡಾಡೋರಿಗೆ ಯಾವ ಗಾಡಿ ಆದ್ರೂ ನಡಿಯುತ್ತೆ, ನಮಗೆ ಲೆಕ್ಕ ತಪ್ಪಿದ್ರೆ ದಿನಾ ತೊಂದ್ರೆ.

ಮೊದಲು ಬ್ಯಾಟರಿ ಲೆಕ್ಕ. ಬ್ಯಾಟರಿ ಸೈಜನ್ನ ಕಿಲೋವ್ಯಾಟ್ ಅವರ್ ಅಂತ ಹೇಳ್ತಾರೆ, ಅದು ಬೇರೇನೂ ಅಲ್ಲ, ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್ಟೇ. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದ್ರೆ ಅದರೊಳಗೆ 3 ಯೂನಿಟ್ ಕರೆಂಟ್ ಹಿಡಿಯುತ್ತೆ ಅಂತ. ಶೋರೂಮಲ್ಲಿ ತೋರ್ಸೋ ಐಡಿಸಿ ರೇಂಜ್ ಅನ್ನೋದು ಲ್ಯಾಬಲ್ಲಿ ನಿಗದಿ ಮಾಡಿದ ಸ್ಪೀಡಲ್ಲಿ ಓಡಿಸಿ ಬಂದ ನಂಬರು, ನಮ್ಮ ರಸ್ತೇಲಿ ಅದರ ಮುಕ್ಕಾಲು ಭಾಗ ಸಿಕ್ಕಿದ್ರೆ ಒಳ್ಳೇದು, ಹಿಂದೆ ಒಬ್ಬರು ಕೂತು ಸ್ಪೋರ್ಟ್ ಮೋಡಲ್ಲಿ ಹೋದ್ರೆ ಇನ್ನೂ ಕಮ್ಮಿ. ಹಂಗಾಗಿ ಆ ನಂಬರ್ ಬಿಟ್ಟು, ಒಂದು ಕಿ.ಮೀ.ಗೆ 30ರಿಂದ 35 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಸೇರಿದ್ರೆ ಒಂದು ಯೂನಿಟ್) ಖರ್ಚಾಗುತ್ತೆ ಅಂತ ಇಟ್ಕೊಂಡು ನೀವೇ ಲೆಕ್ಕ ಹಾಕಿ. ನನ್ನದೇ ಹೇಳ್ತೀನಿ, ಹೋಗಿ ಬರೋಕೆ 62, ಆ ಕಡೆ ಈ ಕಡೆ ಸುತ್ತಾಟ 8, ಒಟ್ಟು 70 ಕಿ.ಮೀ. ಬ್ಯಾಟರಿನ ಶೇಕಡ 20ಕ್ಕಿಂತ ಕೆಳಗೆ ಇಳಿಸ್ಬಾರ್ದು ಅಂತ ಒಂದು ಭಾಗ ತೆಗೀರಿ, ನಾಲ್ಕೈದು ವರ್ಷಕ್ಕೆ ಬ್ಯಾಟರಿ ಕಸುವು ಇನ್ನೊಂದು ಶೇಕಡ 20 ಇಳಿದ್ರೂ ಓಡಬೇಕು ಅಂತ ಅದನ್ನೂ ತೆಗೀರಿ, ಆಗ ಹೊಸದ್ರಲ್ಲಿ ನಿಜವಾಗಿ 110 ಕಿ.ಮೀ. ಓಡೋ ಗಾಡಿ ಬೇಕಾಗುತ್ತೆ. ಅಂದ್ರೆ ಹತ್ತಿರ ಹತ್ತಿರ 3.6 ಯೂನಿಟ್ ಬ್ಯಾಟರಿ. ಮೊದಲನೇ ತಿಂಗಳು 2.2 ಯೂನಿಟ್ಟಿನ ಗಾಡೀಲೂ ಹೆಂಗೋ ಹೋಗಿ ಬರಬಹುದೇನೋ, ಆದ್ರೆ ನಾಲ್ಕನೇ ವರ್ಷ ಜೋರು ಮಳೇಲಿ ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಬರೋ ದಿನಕ್ಕೂ ಸಾಕಾಗ್ಬೇಕಲ್ವಾ, ಗಾಡಿ ಆರಿಸ್ಬೇಕಾದ್ದು ಆ ದಿನಕ್ಕೆ. ಆಫೀಸಲ್ಲಿ ಚಾರ್ಜ್ ಹಾಕೋಕೆ ಖಂಡಿತ ಸಿಗುತ್ತೆ ಅಂದ್ರೆ ಲೆಕ್ಕ ಅರ್ಧ ಆಗುತ್ತೆ, ಆಗ 2.9 ಯೂನಿಟ್ಟಿನ ಗಾಡಿ ಆರಾಮಾಗಿ ಸಾಕು, ದುಡ್ಡೂ ಉಳಿಯುತ್ತೆ. ಆದ್ರೆ ಆಫೀಸ್ ಬದಲಾದ್ರೆ ಏನು ಅಂತನೂ ಯೋಚಿಸಿ.

ಒಂದು ಸಮಾಧಾನ ಏನಂದ್ರೆ ಟ್ರಾಫಿಕ್ಕಲ್ಲಿ ನಿಂತಾಗ ಮೋಟರ್ ಏನೂ ಕರೆಂಟ್ ತಿನ್ನಲ್ಲ. ಪೆಟ್ರೋಲ್ ಗಾಡಿಗೆ ಟಿನ್ ಫ್ಯಾಕ್ಟರಿ ಜಾಮ್ ಅಂದ್ರೆ ಮೈಲೇಜ್ ಹೋಯ್ತು ಅಂತಾನೇ, ಇದಕ್ಕೆ ಹಂಗಲ್ಲ. ಇದಕ್ಕೆ ಏಟು ಬೀಳೋದು ಖಾಲಿ ರಸ್ತೇಲಿ, ಬೆಳಗ್ಗೆ ಬಳ್ಳಾರಿ ರೋಡಲ್ಲಿ 70ರಲ್ಲಿ ಎಳೆದ್ರೆ ಗಾಳಿ ತಳ್ಳೋಕೇ ಅರ್ಧ ಕರೆಂಟ್ ಹೋಗುತ್ತೆ, ಅದೇ 50ರ ಆಸುಪಾಸಲ್ಲಿ ಹೋದ್ರೆ ಎಷ್ಟು ಉಳಿಯುತ್ತೆ ಅಂತ ಮೀಟರಲ್ಲೇ ಕಾಣ್ಸುತ್ತೆ. ನಿಮ್ಮ ದಾರೀಲಿ ಜಾಮ್ ಜಾಸ್ತಿನೋ ಹೈವೇ ಜಾಸ್ತಿನೋ ನೋಡ್ಕೊಂಡು 30 ಹಿಡೀಬೇಕೋ 35 ಹಿಡೀಬೇಕೋ ಅಂತ ತೀರ್ಮಾನ ಮಾಡಿ.

ಈಗ ವಾರಂಟಿ, ಇದನ್ನ ತುಂಬಾ ಜನ ಸರಿಯಾಗಿ ಓದೋದೇ ಇಲ್ಲ, ದೂರ ಓಡಾಡೋರಿಗೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ದಿನಕ್ಕೆ 70 ಕಿ.ಮೀ., ತಿಂಗಳಿಗೆ 24 ದಿನ ಅಂದ್ರೆ 1,680 ಕಿ.ಮೀ., ವರ್ಷಕ್ಕೆ ಹತ್ತತ್ರ 20,000. '3 ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಅದು' ಅಂತ ಬರೆದಿದ್ರೆ ನಮಗೆ ಸಿಗೋದು ಒಂದೂವರೆ ವರ್ಷ ಅಷ್ಟೇ! ಏಥರ್, ಓಲಾ ತರದವರು ಕೊಡೋ 8 ವರ್ಷ, 80,000 ಕಿ.ಮೀ. ವಾರಂಟಿನೂ ನಮಗೆ ನಾಲ್ಕೇ ವರ್ಷ. ಅದಕ್ಕೆ ಸೇಲ್ಸ್ ಹುಡುಗ ಎಂಟು ವರ್ಷ ಸಾರ್ ಅಂದಾಗ ವರ್ಷ ಕೇಳಿಸ್ಕೋಬೇಡಿ, ಕಿ.ಮೀ. ಎಷ್ಟು ಅಂತ ಕೇಳಿ. ಮತ್ತೆ ಕೆಟ್ಟು ನಿಂತ್ರೆ ಮಾತ್ರ ಬದಲಾಯಿಸಿ ಕೊಡ್ತಾರೋ ಅಥವಾ ಬ್ಯಾಟರಿ ಕಸುವು ಶೇಕಡ 70ಕ್ಕಿಂತ ಇಳಿದ್ರೂ ಕೊಡ್ತಾರೋ, ಅದೂ ಕೇಳಿ, ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಇದಕ್ಕೆ ಬೇರೆ ಪ್ಯಾಕೇಜ್ ತಗೋಬೇಕು ಅಂದ್ರೆ ಅದರ ದುಡ್ಡನ್ನೂ ಗಾಡಿ ರೇಟಿಗೆ ಸೇರಿಸೇ ಹೋಲಿಸ್ಬೇಕು. ಬರೆದಿರೋ ಕಾಗದದಲ್ಲಿ ಇದ್ರೆ ಮಾತ್ರ ನಂಬಿ.

ಚಾರ್ಜಿಂಗ್ ವಿಷಯಕ್ಕೆ ವಾಪಸ್ ಬರ್ತೀನಿ. ಸ್ಕೂಟರ್ ಜೊತೆ ಬರೋ ಚಾರ್ಜರಿಗೆ ಸ್ವಂತದ್ದು ಅಂತ ಒಂದು ಪಾಯಿಂಟ್ ಬೇಕು, ಸಾಧ್ಯ ಆದ್ರೆ 15 ಆಂಪ್ ಸಾಕೆಟ್ಟು, ಸರಿಯಾದ ಅರ್ಥಿಂಗ್, ಅದಕ್ಕೇ ಒಂದು ಎಂಸಿಬಿ, ಅಂದ್ರೆ ಕರೆಂಟ್ ಜಾಸ್ತಿ ಎಳೆದ್ರೆ ತಾನೇ ಆಫ್ ಆಗೋ ಸ್ವಿಚ್ಚು. ಎಲೆಕ್ಟ್ರಿಷಿಯನ್ನ ಕರ್ಸಿ ಅರ್ಥಿಂಗ್ ಚೆಕ್ ಮಾಡಿಸಿ, ಹಳೇ ಬಿಲ್ಡಿಂಗಲ್ಲಿ ಮೂರನೇ ಪಿನ್ನಿಗೆ ವೈರೇ ಎಳೆದಿರಲ್ಲ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು ರಾತ್ರಿಯಿಡೀ ಚಾರ್ಜ್ ಹಾಕೋದು ದಯವಿಟ್ಟು ಬೇಡ, ನಾಲ್ಕೈದು ಗಂಟೆ ಒಂದೇ ಸಮ ಕರೆಂಟ್ ಎಳೆದ್ರೆ ಆ ಬಾಕ್ಸು ಬಿಸಿಯಾಗಿ ಕರಗಬಹುದು. ಮೆಟ್ಟಿಲ ಕೆಳಗೆ, ಮನೆ ಬಾಗಿಲಿಗೆ ಅಡ್ಡವಾಗಿನೂ ಹಾಕ್ಬೇಡಿ, ಏನಾದ್ರೂ ಆದ್ರೆ ಮನೆಯೋರು ಹೊರಗೆ ಬರೋಕೆ ದಾರಿ ಇರ್ಬೇಕು. ಬಿಸಿಲಲ್ಲಿ ಓಡಿಸ್ಕೊಂಡು ಬಂದ ತಕ್ಷಣ ಹಾಕೋ ಬದಲು ಅರ್ಧ ಗಂಟೆ ಆರೋಕೆ ಬಿಡಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನವರು ಆಗಲ್ಲ ಅಂದ್ರೆ ಜಗಳಕ್ಕೆ ಹೋಗ್ಬೇಡಿ, ಕೇಂದ್ರ ಇಂಧನ ಸಚಿವಾಲಯ 2022ರಲ್ಲೇ ಹೊರಡಿಸಿದ ಮಾರ್ಗಸೂಚೀಲಿ ಮಾಲೀಕರು ತಮ್ಮ ಮನೆ ಅಥವಾ ಆಫೀಸಿನ ಈಗಿರೋ ಕರೆಂಟ್ ಕನೆಕ್ಷನ್ನಿಂದಲೇ ಚಾರ್ಜ್ ಮಾಡ್ಕೋಬಹುದು ಅಂತ ಇದೆ, ಅದರ ಪ್ರಿಂಟ್ ತಗೊಂಡು, ನನ್ನ ಮೀಟರಿಂದಲೇ ವೈರ್ ಎಳೆಸ್ಕೋತೀನಿ, ಖರ್ಚು ನಂದು ಅಂತ ಬರೆದುಕೊಟ್ಟು ಕೇಳಿ. ಹಂಗೆ ಕೇಳಿದ್ರೆ ಒಪ್ಪೋ ಸಾಧ್ಯತೆ ಜಾಸ್ತಿ.

ಪಿಜಿಲಿ ಇರೋರು, ಮೂರನೇ ಮಹಡೀಲಿ ಬಾಡಿಗೆಗೆ ಇದ್ದು ಕೆಳಗೆ ಪಾಯಿಂಟ್ ಸಿಗದೇ ಇರೋರು ಬ್ಯಾಟರಿ ಹೊರಗೆ ತೆಗಿಯೋಕೆ ಬರೋ ಗಾಡಿ ನೋಡಬಹುದು, ಹೀರೋದ ವಿಡಾದಲ್ಲಿ ಹಂಗಿದೆ. ಆದ್ರೆ ಒಂದೊಂದು ಪ್ಯಾಕ್ 10 ಕೆಜಿ ಮೇಲೇ ತೂಗುತ್ತೆ, ದಿನಾ ಎರಡು ಪ್ಯಾಕ್ ಹೊತ್ಕೊಂಡು ಮೂರು ಮಹಡಿ ಹತ್ತೋದು ಅಂದ್ರೆ ಬೆನ್ನು ನೋವಿರೋರಿಗೆ ಕಷ್ಟ. ಹೋಂಡಾ ಆಕ್ಟಿವಾ ಎಲೆಕ್ಟ್ರಿಕ್ 2025ರಲ್ಲಿ ಬಂದಾಗ ಮನೇಲಿ ಚಾರ್ಜ್ ಮಾಡೋ ವ್ಯವಸ್ಥೆನೇ ಇಲ್ದೆ, ಬ್ಯಾಟರಿ ಬದಲಾಯಿಸೋ ಸ್ಟೇಷನ್ ನಂಬ್ಕೊಂಡೇ ಬಂತು, ಅಂಥದ್ದು ತಗೋಳೋದಾದ್ರೆ ನಿಮ್ಮ ದಾರಿಯ ಎರಡೂ ತುದೀಲಿ ಸ್ಟೇಷನ್ ಇರ್ಬೇಕು. ಫಾಸ್ಟ್ ಚಾರ್ಜರ್ ಬಗ್ಗೆ ಹೇಳ್ಬೇಕಂದ್ರೆ, ಏಥರ್ ಮಾಡಿದ ಕನೆಕ್ಟರನ್ನ, ಅಂದ್ರೆ ಗಾಡಿಗೆ ಚುಚ್ಚೋ ಚಾರ್ಜಿಂಗ್ ಪ್ಲಗ್ಗನ್ನ, ಗುಣಮಟ್ಟ ನಿಗದಿ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ ಬಿಐಎಸ್ 2023ರಲ್ಲಿ ಸ್ಟ್ಯಾಂಡರ್ಡ್ ಅಂತ ಒಪ್ಕೊಂಡಿದೆ, ವಿಡಾನೂ ಅದನ್ನೇ ಬಳಸುತ್ತೆ, ಹಂಗಾಗಿ ಒಬ್ಬರ ಸ್ಟೇಷನ್ ಇನ್ನೊಬ್ಬರಿಗೆ ಆಗುತ್ತೆ. ನೀವು ನೋಡ್ತಿರೋ ಗಾಡಿಗೆ ಯಾವ ಕನೆಕ್ಟರ್, ನಿಮ್ಮ ದಾರೀಲಿ ಅದು ಎಲ್ಲೆಲ್ಲಿದೆ ಅಂತ ಮ್ಯಾಪಲ್ಲಿ ಗುರುತು ಮಾಡ್ಕೊಳ್ಳಿ. ಆದ್ರೆ ಅದು ಆಪತ್ಕಾಲಕ್ಕೆ ಮಾತ್ರ, ದಿನಾ ಅದನ್ನೇ ನೆಚ್ಚಿಕೊಂಡ್ರೆ ನನ್ನ ಹಂಗೆ ರಾತ್ರಿ ರಸ್ತೇಲೇ ಕಳೀಬೇಕಾಗುತ್ತೆ.

ಕರೆಂಟ್ ಬಿಲ್ಲಿನ ವಿಷಯ. ಸಾಕೆಟ್ಟಿಂದ ಬ್ಯಾಟರಿಗೆ ಹೋಗೋವಾಗ ಸ್ವಲ್ಪ ಸೋರಿಕೆ ಇದ್ದೇ ಇರುತ್ತೆ, ಅದೂ ಸೇರಿ ನನ್ನ ಓಡಾಟಕ್ಕೆ ತಿಂಗಳಿಗೆ 65 ಯೂನಿಟ್ ಬೀಳುತ್ತೆ. ಯೂನಿಟ್ಟಿಗೆ 6 ರೂಪಾಯಿ ಅಂದ್ರೂ 400 ದಾಟಲ್ಲ. ಅದೇ ದೂರಕ್ಕೆ ಪೆಟ್ರೋಲ್ ಸ್ಕೂಟರು, 45 ಮೈಲೇಜ್, ಲೀಟರಿಗೆ 100 ರೂಪಾಯಿ ಅಂತಿಟ್ಕೊಂಡ್ರೂ 3,700 ಆಗುತ್ತೆ. ಆದ್ರೆ ಗೃಹಜ್ಯೋತಿ ಇರೋರು ಒಂದು ನೋಡ್ಕೋಬೇಕು, ನಿಮಗೆ ನಿಗದಿ ಮಾಡಿದ ಯೂನಿಟ್ ಮೀರಿದ್ರೆ ಮೇಲಿಂದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲೇ ಕಟ್ಟಬೇಕು. ಈಗ 150 ಯೂನಿಟ್ ಉಪಯೋಗಿಸ್ತಿರೋ ಮನೆಗೆ 65 ಸೇರಿದ್ರೆ 215. ಆ ತಿಂಗಳು ಸಾವಿರದ ಮೇಲೆ ಬಿಲ್ ಬರುತ್ತೆ. ಆದ್ರೂ ಪೆಟ್ರೋಲಿಗಿಂತ ಲಾಭನೇ, ಆಫೀಸಲ್ಲಿ ವಾರಕ್ಕೆರಡು ದಿನ ಚಾರ್ಜ್ ಹಾಕ್ಕೊಂಡ್ರೆ 200ರ ಒಳಗೇ ಉಳೀಬಹುದು. ಮನೇಲಿ ಬಿಲ್ ನೋಡ್ಕೊಳ್ಳೋರಿಗೆ ಇದನ್ನ ಮೊದಲೇ ಹೇಳಿಬಿಡಿ.

ಸರ್ವೀಸ್ ಸೆಂಟರ್ ಮನೆ ಹತ್ರನೋ ಆಫೀಸ್ ಹತ್ರನೋ ಇರ್ಲೇಬೇಕು. ಒಂದ್ಸಲ ನನ್ನ ಗಾಡೀದು ಒಂದು ಸಣ್ಣ ಪಾರ್ಟ್ ಬರೋಕೆ ಹದಿನೇಳು ದಿನ ಆಯ್ತು, ಅಷ್ಟು ದಿನ ಎರಡು ಬಸ್ ಬದಲಾಯಿಸಿ ಹೋದೆ. ಈಗ ಯಾರು ಕೇಳಿದ್ರೂ ನಾನು ಹೇಳೋದು, ಬುಕ್ ಮಾಡೋ ಮುಂಚೆ ಒಂದು ಶನಿವಾರ ಬೆಳಗ್ಗೆ ಆ ಸರ್ವೀಸ್ ಸೆಂಟರ್ ಮುಂದೆ ಹೋಗಿ ನಿಂತ್ಕೊಳ್ಳಿ, ಶೋರೂಮ್ ಅಲ್ಲ, ಸರ್ವೀಸ್ ಸೆಂಟರ್. ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ, ಗಾಡಿ ಬಿಡೋಕೆ ಬಂದೋರ ಮುಖ ಹೆಂಗಿದೆ ನೋಡಿ, ಇಬ್ಬರು ಮೂವರನ್ನ ಮಾತಾಡಿಸಿ. ಯಾವ ವಿಡಿಯೋ ರಿವ್ಯೂನಲ್ಲೂ ಸಿಗದ ವಿಷಯ ಅಲ್ಲಿ ಅರ್ಧ ಗಂಟೇಲಿ ಸಿಗುತ್ತೆ.

ಟೆಸ್ಟ್ ರೈಡ್ ಅಂತ ಶೋರೂಮ್ ಸುತ್ತ ಒಂದು ರೌಂಡ್ ಹೊಡ್ಸಿ ಕಳಿಸ್ತಾರೆ, ಅದು ಸಾಲಲ್ಲ. ಕಮ್ಮಿ ಅಂದ್ರೂ ಮುಕ್ಕಾಲು ಗಂಟೆ ಕೇಳಿ, ನಿಮ್ಮ ದಾರೀಲೇ ಓಡಿಸಿ. ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಬೇಸ್‌ಮೆಂಟ್ ರ‍್ಯಾಂಪ್ ಮಧ್ಯೆ ನಿಲ್ಸಿ ಮತ್ತೆ ಎತ್ತಿ ನೋಡಿ, ಹಂಪ್ ಮೇಲೆ ಸೊಂಟಕ್ಕೆ ಏಟು ಬೀಳುತ್ತಾ ನೋಡಿ, ಬ್ರೇಕ್ ಜೋರಾಗಿ ಹಿಡಿದು ನೋಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ ಯಾಕಂದ್ರೆ ಈ ಗಾಡಿಗಳು 110, 130 ಕೆಜಿ ತೂಗ್ತವೆ. ಸೀಟಿನ ಎತ್ತರ, ಕಾಲಿಡೋ ಜಾಗ ದಿನಕ್ಕೆ ಮೂರು ಗಂಟೆ ಕೂರೋನಿಗೆ ಟಚ್ ಸ್ಕ್ರೀನಿಗಿಂತ ಮುಖ್ಯ. ಚಕ್ರನೂ ಗಮನಿಸಿ, ಸ್ಕೂಟರಿಗೆ ಸಾಮಾನ್ಯವಾಗಿ 12 ಇಂಚು, ರಿವೋಲ್ಟ್, ಓಬೆನ್, ಅಲ್ಟ್ರಾವಯಲೆಟ್ ಥರದ ಬೈಕಿಗೆ 17 ಇಂಚು, ಗುಂಡಿ ರಸ್ತೇಲಿ ದೊಡ್ಡ ಚಕ್ರ ಸಮಾಧಾನ ಕೊಡುತ್ತೆ, ಆದ್ರೆ ಬೈಕಲ್ಲಿ ಕಾಲ ಹತ್ರ ಅಕ್ಕಿ ಮೂಟೆ ಇಡೋಕಾಗಲ್ಲ.

ಮಳೆ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು ಕಡೆ ಔಟರ್ ರಿಂಗ್ ರೋಡ್ ಹೆಂಗೆ ಮುಳುಗಿ, ಜನ ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋಗಿದ್ರು ಅಂತ ನೆನಪಿರಬೇಕು. ಐಪಿ67 ಬ್ಯಾಟರಿ ಅಂದ್ರೆ ಒಂದು ಮೀಟರ್ ನಿಂತ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ ಟೆಸ್ಟ್ ಮಾಡಿರ್ತಾರೆ, ಅದನ್ನ ಅಂಡರ್‌ಪಾಸ್ ನೀರಿಗೆ ಇಳೀಬಹುದು ಅನ್ನೋ ಪರ್ಮಿಷನ್ ಅಂದ್ಕೋಬೇಡಿ. ಬ್ಯಾಟರಿಗೆ ಎಐಎಸ್ 156 ಅನ್ನೋ ಸುರಕ್ಷತೆ ಸರ್ಟಿಫಿಕೇಟ್ ಇದ್ಯಾ ಕೇಳಿ, 2022ರಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಆ ನಿಯಮ ಬಿಗಿ ಮಾಡಿದ್ದು, ಹಂಗಾಗಿ ಸೆಕೆಂಡ್ ಹ್ಯಾಂಡ್ ತಗೋಳೋರು 2023ರ ಏಪ್ರಿಲ್ ನಂತರ ತಯಾರಾದ ಗಾಡಿನೇ ನೋಡೋದು ವಾಸಿ. ಲೈಸೆನ್ಸ್, ರಿಜಿಸ್ಟ್ರೇಷನ್ ಏನೂ ಬೇಡ ಅಂತ ಮಾರೋ 25 ಕಿ.ಮೀ. ಸ್ಪೀಡಿನ ಸಣ್ಣ ಗಾಡಿ ಏರಿಯಾ ಒಳಗೆ ಓಡಾಡೋಕೆ ಸರಿ, ರಿಂಗ್ ರೋಡಲ್ಲಿ ಬಸ್ಸು ಟಿಪ್ಪರ್ ಮಧ್ಯೆ ಅದು ಅಪಾಯ, ರೇಟ್ ಕಮ್ಮಿ ಅಂತ ಅದಕ್ಕೆ ಕೈ ಹಾಕ್ಬೇಡಿ.

ಇಷ್ಟೆಲ್ಲ ಆದ್ಮೇಲೆ ಮಾಡೆಲ್. 70 ಕಿ.ಮೀ. ಲೆಕ್ಕಕ್ಕೆ 3.7 ಯೂನಿಟ್ ಬ್ಯಾಟರಿಯ ಏಥರ್ ರಿಜ್ಟಾ ಅಥವಾ 450ಎಕ್ಸ್, ಟಿವಿಎಸ್ ಐಕ್ಯೂಬಲ್ಲಿ ದೊಡ್ಡ ಬ್ಯಾಟರೀದು, 3.5ರ ಬಜಾಜ್ ಚೇತಕ್, ಇವನ್ನ ಅಕ್ಕಪಕ್ಕ ಇಟ್ಟು ನೋಡಿ. ಮನೆಯೋರೆಲ್ಲ ಓಡ್ಸೋದಾದ್ರೆ ಅಗಲ ಸೀಟಿನ ರಿಜ್ಟಾ, ಐಕ್ಯೂಬ್ ನನಗೆ ಇಷ್ಟ. ರೇಟ್ ಕೇಳೋವಾಗ ಎಕ್ಸ್ ಶೋರೂಮ್ ಬೇಡ, ಚಾರ್ಜರ್, ವಾರಂಟಿ ಪ್ಯಾಕೇಜ್, ಸಾಫ್ಟ್‌ವೇರ್ ಪ್ಯಾಕ್, ಇನ್ಶೂರೆನ್ಸ್ ಎಲ್ಲ ಸೇರಿ ಆನ್ ರೋಡ್ ಎಷ್ಟು ಅಂತ ಒಂದೇ ಹಾಳೇಲಿ ಬರೆಸ್ಕೊಳ್ಳಿ, ಅರ್ಧಕ್ಕರ್ಧ ಫೀಚರ್ ಆ ಪ್ಯಾಕ್ ಕೊಂಡ್ರೆ ಮಾತ್ರ ಬರೋ ಗಾಡಿಗಳೂ ಇವೆ.

ಡೆಲಿವರಿ ದಿನ ಗಾಡಿ ತಯಾರಾದ ತಿಂಗಳು ನೋಡಿ, ಚಾರ್ಜರನ್ನ ಅಲ್ಲೇ ಹಾಕಿ ಚಾರ್ಜ್ ಆಗ್ತಿದೆಯಾ ಪರೀಕ್ಷೆ ಮಾಡಿಯೇ ಹೊರಡಿ. ಮತ್ತೆ ಹಳೇ ಪೆಟ್ರೋಲ್ ಗಾಡೀನ ಅವತ್ತೇ ಎಕ್ಸ್‌ಚೇಂಜಿಗೆ ಕೊಡ್ಬೇಡಿ, ಒಂದು ತಿಂಗಳು ಇಟ್ಕೊಳ್ಳಿ. ದಿನಾ ಮನೆ ಸೇರಿದಾಗ ಎಷ್ಟು ಶೇಕಡ ಉಳಿದಿದೆ ಅಂತ ಕ್ಯಾಲೆಂಡರಲ್ಲಿ ಬರೆದಿಡಿ, ತಿಂಗಳಲ್ಲಿ ಯಾವತ್ತೂ 25ಕ್ಕಿಂತ ಕೆಳಗೆ ಇಳೀಲಿಲ್ಲ ಅಂದ್ರೆ ಆಗ ಹಳೇದನ್ನ ಮಾರಿ.